ನಾನು ಹೂಂಗುಟ್ಟಿದ್ದು ಇಬ್ಬರಿಗೂ

ಡೆಲ್‌ರಾಯ್ ಮಿಂಟರ್‌ನ ‘ನನ್ನ ಸೆರೆವಾಸ ಅನ್ಯಾಯ’ ಎಂಬ ಹೇಬಿಯಸ್ ಕಾರ್ಪಸ್ ಅರ್ಜಿಯನ್ನು ತಳ್ಳಿಹಾಕಿದ ಫೆಡರಲ್ ನ್ಯಾಯಾಧೀಶರಿಗೆ,

ಮಾನ್ಯರೇ, ನಿಮ್ಮ ತೀರ್ಪು ಕೇಳಿ ನನಗೆ ಹೇಸಿಗೆಯಾಯಿತು. ಇದನ್ನು ಮೆತ್ತಗೆ ಹೇಳಲು ನನಗೆ ಬರುವುದಿಲ್ಲ. ಮಿಸಿಸಿಪ್ಪಿಯ ಹಳ್ಳಿ ಶಾಲೆಯಲ್ಲಿ ಕಲಿತವಳು ನಾನು. ರಾಜ್ಯದ ನ್ಯಾಯಾಲಯ ತಪ್ಪಿರಬಹುದು, ಆದರೆ ಅದು ‘ಅಸಮಂಜಸವಾದ ತಪ್ಪಲ್ಲ’, ಆದ್ದರಿಂದ ನಾವು ಕೈಹಾಕುವಂತಿಲ್ಲ ಎಂದಿದ್ದೀರಿ. ಸಮಂಜಸವಾದ ತಪ್ಪು ಅನ್ನುವುದೊಂದಿದೆ ಎಂದು ಐವತ್ತನೇ ವಯಸ್ಸಿನಲ್ಲಿ ಕಲಿತೆ. ಆ ತಪ್ಪಿಗಾಗಿ ಒಬ್ಬ ಮನುಷ್ಯ ಸಾಯುವವರೆಗೆ ಸೆರೆಮನೆಯಲ್ಲಿರಬೇಕೇ?

ಆ ತಪ್ಪಿನಲ್ಲಿ ನಾನೂ ಇದ್ದೇನೆ. ತೀರ್ಪಿನಲ್ಲಿ ಚರ್ಚಿನ ಮಹಿಳೆಯೆಂದು ಹೆಸರಿಲ್ಲದೆ ನೀವು ಬರೆದಿರುವುದು ನನ್ನನ್ನೇ. ಡೆಲ್‌ರಾಯ್ ಯಾರೆಂದೇ ತಿಳಿಯದ ಕಾಲದಲ್ಲಿ, ಅವನ ಮೊಕದ್ದಮೆಯ ಜ್ಯೂರಿ ಆರಿಸಲು ನನ್ನನ್ನೂ ಕರೆಸಿದ್ದರು. ಸರ್ಕಾರಿ ವಕೀಲರು ನಮ್ಮ ಕಪ್ಪು ಜನರನ್ನು ಒಬ್ಬೊಬ್ಬರನ್ನಾಗಿ ಎಬ್ಬಿಸಿ, ಜ್ಯೂರಿಗೆ ಬೇಡವೆಂದು ಮನೆಗೆ ಕಳಿಸಿದರು. ಕಾನೂನಿನಂತೆ ಬಣ್ಣ ನೋಡಿ ಕಳಿಸುವಂತಿಲ್ಲವಲ್ಲ, ತಲೆಗೊಂದು ಕಾರಣ ಹುಡುಕಿದರು. ನನ್ನ ಪಾಲಿಗೆ ಬಂದದ್ದು: ಆರೋಪಿಯ ವಕೀಲರು ಮಾತಾಡುವಾಗ ಈಕೆ ಹೂಂಗುಟ್ಟಿದಳು, ಅವರ ಕಡೆಯವಳು. ರಾಜ್ಯದ ನ್ಯಾಯಾಲಯ ಅದನ್ನೇ ಒಪ್ಪಿಕೊಂಡಿತು.

ಹೌದು, ಹೂಂಗುಟ್ಟಿದೆ. ನಮ್ಮ ಚರ್ಚಿನಲ್ಲಿ ಎದ್ದು ನಿಂತು ಮಾತಾಡುವವರನ್ನು ಯಾರೂ ಒಂಟಿಯಾಗಿ ಬಿಡುವುದಿಲ್ಲ. ಅವರು ನಿಲ್ಲಿಸಿದಲ್ಲಿ ನಾವು ಹೂಂ ಅನ್ನಬೇಕು, ಅದು ಮರ್ಯಾದೆ. ತೀರಿಕೊಂಡ ನನ್ನ ಗಂಡ ನಗುತ್ತಿದ್ದರು: “ಟೀವಿಲಿ ಹವಾಮಾನ ಹೇಳೋನಿಗೂ ಹೂಂ ಅಂತೀಯಲ್ಲೇ, ಅವನೇನು ನಿಮ್ಮ ಪಾದ್ರಿಯಾ?” ಅಂದು ಸರ್ಕಾರಿ ವಕೀಲರು “ತಪ್ಪು ಮಾಡಿದೋರಿಗೆ ಶಿಕ್ಷೆ ಆಗ್ಬೇಕು ಅಲ್ವಾ?” ಎಂದಾಗಲೂ ನಾನು ಹೂಂ ಅಂದೆ, ಇನ್ನೂ ಜೋರಾಗಿಯೇ. ಊಟದ ಹೊತ್ತು ತಿಳಿಸಿದ ಜವಾನನಿಗೂ ಅಂದೆ. ನನ್ನ ಪಕ್ಕದಲ್ಲಿ ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ ಬಿಳಿಯ ಹೆಂಗಸನ್ನು ಮಾತ್ರ ಜ್ಯೂರಿಯಲ್ಲಿ ಉಳಿಸಿಕೊಂಡರು. ನಿದ್ದೆಗೆ ಪಕ್ಷಪಾತವಿಲ್ಲ, ನೋಡಿ.

ಈ ಕಾರಣ ನನಗೆ ತಿಳಿದದ್ದು ಈಚೆಗಷ್ಟೇ, ನಿಮ್ಮ ತೀರ್ಪು ಹಿಡಿದು ಡೆಲ್‌ರಾಯ್‌ನ ತಾಯಿ ಓಲೀಟಾ ನನ್ನನ್ನು ಹುಡುಕಿ ಬಂದಾಗ.

“ಈ ಹೂಂ ಅಂದೋಳು ನೀನೇನಾ ತಾಯಿ?”

“ನಾನೇ ಅಕ್ಕಾ. ಎಲ್ಲಾರಿಗೂ ಅಂದೆ.”

“ಹಂಗಂತ ಅವರಿಗೆ ಹೇಳ್ಬಾರ್ದಿತ್ತಾ?”

“ಯಾರಾದ್ರೂ ಕೇಳಿದ್ರೆ ತಾನೆ?”

ಯಾರೂ ಕೇಳಲಿಲ್ಲ, ಮಾನ್ಯರೇ. ರಾಜ್ಯದವರು ಕೇಳಲಿಲ್ಲ, ಅವರು ಕೇಳದ್ದನ್ನು ನಾವು ಕೇಳುವಂತಿಲ್ಲ ಎಂದು ನೀವು ಬರೆದಿರಿ. ಸತ್ಯ ಮೊದಲನೇ ಬಾಗಿಲಲ್ಲಿ ಒಳಗೆ ಬರದಿದ್ದರೆ ಎರಡನೇ ಬಾಗಿಲಿಗೆ ಬೀಗ! ಮೇಲಿನ ನ್ಯಾಯಾಲಯಕ್ಕೆ ಹೋಗಲು ಬೇಕಾದ ಅಪ್ಪಣೆಯನ್ನೂ ಕೊಡಲಿಲ್ಲ. ದೇವರ ಮುಂದೆ ನಿಲ್ಲುವ ದಿನ ಅವನೂ ನಿಮಗೆ ಹೀಗೇ ಅಂದರೆ?

ಕಳೆದ ಭಾನುವಾರ ಓಲೀಟಾ ನಮ್ಮ ಚರ್ಚಿನಲ್ಲಿ ನಿಂತು ನಿಮ್ಮ ತೀರ್ಪಿನ ಕೊನೆಯ ಸಾಲುಗಳನ್ನು ಓದಿದಳು. ಪ್ರತಿ ಸಾಲಿಗೂ ತಡೆದು ನಿಂತಳು. ಒಬ್ಬರೂ ಹೂಂ ಅನ್ನಲಿಲ್ಲ. “ಏನಾದ್ರೂ ಅನ್ರಪ್ಪಾ,” ಎಂದರು ಪಾದ್ರಿ. ನನ್ನ ಬಾಯಿಯೂ ತೆರೆಯಲಿಲ್ಲ. ಹುಟ್ಟಿದಾಗಿನಿಂದ ಅಂಥ ಮೌನವನ್ನು ಅಲ್ಲಿ ನಾನು ಕೇಳಿಲ್ಲ.

ನನ್ನನ್ನು ಕರೆಸಿ, ಪ್ರಮಾಣ ಮಾಡಿಸಿ, ಕೇಳಿ. ಕಾನೂನು ಅದಕ್ಕೂ ಬಿಡದಿದ್ದರೆ, ಕೇಳಬಲ್ಲವರ ಹತ್ತಿರ ಹೋಗಲು ಡೆಲ್‌ರಾಯ್‌ಗೆ ಅಪ್ಪಣೆಯನ್ನಾದರೂ ಕೊಡಿ. ನೀವು ಮಾತಾಡುವಾಗ ನಾನು ಹೂಂ ಅನ್ನುತ್ತೇನೆ. ಅದು ಮರ್ಯಾದೆಗೆ ಮಾತ್ರ, ಒಪ್ಪಿಗೆ ಎಂದು ಬರೆದುಕೊಳ್ಳಬೇಡಿ.

ಇಂತಿ,
ಯಾರ ಕಡೆಯವಳೂ ಆಗಿರದ, ಈಗ ಡೆಲ್‌ರಾಯ್ ಕಡೆಯವಳಾದ
ವರ್ಲೀನ್ ಪೆಟಿಗ್ರೂ