ಅಳಿಸದೇ ತೆರೆದ ಪುಟ

ಮಹಾದೇವ,

ಬೆಳಿಗ್ಗೆಯಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನಾವಿಬ್ಬರೂ ಸೇರಿ ಮಾಡಿದ್ದ ಹತ್ತಿ ದರದ ಆ್ಯಪ್ ಬಿಟ್ಟು, ಕೊನೆಗೂ ನೀನು ಹೇಳಿದ್ದ, ಫೋನಿನಲ್ಲಿ ಜಾಗ ಹಿಡಿಯದ ಸಾದಾ ವೆಬ್ ಪುಟವನ್ನೇ ಮಾಡಿದೆ. ಬೈಲಹೊಂಗಲದ ಮಾರ್ಕೆಟ್ಟಿನಲ್ಲಿ ರೈತರ ಫೋನು ಇಸಿದುಕೊಂಡು, ಜಾಗವಿಲ್ಲದಿದ್ದರೆ ಅವರ ಫೋಟೋ ಅಳಿಸಿ ಆ್ಯಪ್ ಹಾಕುತ್ತಿದ್ದೆನಲ್ಲ, ನೀನು ಜಗಳವಾಡಿ ಹೋದದ್ದು ಅದಕ್ಕೇ.

ಇವತ್ತು ಅಲ್ಲೇ ಸಿರಸಂಗಿಯ ಸುಂದರವ್ವ ಸಿಕ್ಕಳು. ನನ್ನನ್ನು ಕಂಡೊಡನೆ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಈ ಸಲಾನೂ ಅಳಸ್ತೀರೇನ್ರಿ?"

"ಇಲ್ಲಬೇ ಯವ್ವಾ, ಲಿಂಕ್ ಕಳಿಸೇನಿ. ನೀನ ಒತ್ತು."

ಒತ್ತಿದಳು. ಕೂಡಲೇ ದರ ಕಂಡಿತು. ಆಕೆ ಅದನ್ನು ನೋಡಲೇ ಇಲ್ಲ.

"ಹಂಗಾರ ಹ್ವಾದ ಸಲ ಅಳಿಸಿದ ಫೋಟೋ ವಾಪಸ್ ಬರತಾವೇನ್ರಿ?"

ಯಾರ ಫೋಟೋ ಎಂದು ಕೇಳಲಾಗದೆ ಬಂದುಬಿಟ್ಟೆ. ನಿನಗಾದರೂ ಫೋನ್ ಮಾಡಿ ಹೇಳೋಣವೆಂದರೆ, ನೀನು ಹೋದ ದಿನವೇ ನಿನ್ನ ನಂಬರನ್ನೂ ಅಳಿಸಿದ್ದೆ.

ನೀಲಕಂಠ