ಬಡಾವಣೆಗೆ ಪಾರ್ಕಿಂಗ್ ಬೇಕೇ?

ಗುರುವಾರ, ಮಧ್ಯಾಹ್ನ

ನನ್ನ ಅತ್ತೆಯ ಮಗನಿಗೆ,

ಬೇರೆ ಏನಂತ ಕರೆಯಬೇಕೋ ತಿಳಿಯಲಿಲ್ಲ, ಅದಕ್ಕೇ ಹೀಗೆ. ಫೋನ್ ಮಾಡಿದರೆ ಎರಡನೇ ಮಾತಿಗೇ ಮೀಟಿಂಗ್ ಇದೆ ಅನ್ನುತ್ತೀರಿ. ಪತ್ರಕ್ಕೆ ಆ ನೆಪ ಹೇಳಲಾಗುವುದಿಲ್ಲ. ಅಂಗಡಿಯಲ್ಲಿ ಹೊಲಿಗೆ ಮೆಷಿನ್ ಪಕ್ಕಕ್ಕೆ ಸರಿಸಿ ಬರೆಯುತ್ತಿದ್ದೇನೆ. ಬೆಳಗಿನಿಂದ ಒಂದೇ ಪರದೆಯ ಅಂಚನ್ನು ಹೊಲಿಯುವುದು, ಬಿಚ್ಚುವುದು, ಇದೇ ಆಗಿದೆ. ಕೆಲಸದಲ್ಲಿ ಮನಸ್ಸು ನಿಲ್ಲುತ್ತಿಲ್ಲ.

ವಿಷಯ ಇಷ್ಟು. ಬರುವ ಭಾನುವಾರ ನಮ್ಮ ಬಡಾವಣೆಯಲ್ಲಿ ಮತದಾನ. ಗ್ರಂಥಾಲಯದ ಹಿಂದಿನ ಹಾಲ್ ಕೆಡವಿ ಕಾರು ನಿಲ್ಲಿಸುವ ಕಟ್ಟಡ ಕಟ್ಟಬೇಕೇ ಬೇಡವೇ ಅಂತ. ಪಾರ್ಶ್ವವಾಯು ಆದ ಮೇಲೆ ನಿಮ್ಮ ತಾಯಿ ದಿನಾ ಹೋಗುವುದು ಅದೇ ಹಾಲ್‌ಗೆ. ನೀವು ನನ್ನನ್ನು ಬಿಟ್ಟು ಬೇರೆ ಮನೆ ಮಾಡಿದಾಗ ಸೊಸೆಯ ಜೊತೆಗೇ ಇರುತ್ತೇನೆಂದು ಹಟ ಹಿಡಿದು ಉಳಿದರಲ್ಲ, ಆ ಹಟವೇ ಅವರನ್ನು ಅಲ್ಲಿ ಎಬ್ಬಿಸಿ ನಿಲ್ಲಿಸಿತು. ಗೋಡೆಯ ಕಂಬಿ ಹಿಡಿದು ಹೆಜ್ಜೆ ಇಡಲು ಕಲಿತದ್ದು ಅಲ್ಲಿ, ಹೆಂಗಸರ ಜೊತೆ ಹರಟೆ ಹೊಡೆದು ಹೊಡೆದೇ ಮಾತು ವಾಪಸು ಬಂದದ್ದೂ ಅಲ್ಲಿ. ಅದು ಹೋದರೆ ಅವರು ಮತ್ತೆ ಹಾಸಿಗೆ ಹಿಡಿಯುತ್ತಾರೆ. ಇದು ನನ್ನ ಕಲ್ಪನೆಯಲ್ಲ, ಅಲ್ಲಿ ವ್ಯಾಯಾಮ ಮಾಡಿಸುವಾಕೆಯೇ ಹೇಳಿದ್ದು.

ಮನೆಮನೆ ಸುತ್ತುತ್ತಿದ್ದೇನೆ. ಈ ಬೀದಿಯ ಮುಕ್ಕಾಲು ಕಿಟಕಿಗಳ ಅಳತೆ ನನ್ನ ಹತ್ತಿರ ಇರುವುದರಿಂದ ಬಾಗಿಲು ತೆರೆಯುತ್ತಾರೆ, ಹಣ್ಣಿನ ರಸ ಕೊಡುತ್ತಾರೆ. ಯಾರೂ ಎದುರು ಮಾತಾಡುವುದಿಲ್ಲ. ಜಗಳವಾಡಿದ್ದರೆ ಎಷ್ಟೋ ಚೆನ್ನಾಗಿತ್ತು. ಹಲ್ಲಿನ ಡಾಕ್ಟರು, ನಲ್ಲಿಯಲ್ಲಿ ನೀರು ಬರುತ್ತಿದೆ, ಬೀದಿದೀಪ ಉರಿಯುತ್ತಿದೆ, ಎಲ್ಲ ಸರಿಯಾಗೇ ಇದೆಯಲ್ಲ ಅಂದರು. ಮೇಲಿನ ಮಹಡಿಯ ದಂಪತಿಗೆ ಭಾನುವಾರ ನಾಯಿಗೆ ಸ್ನಾನ ಮಾಡಿಸುವ ಅಪಾಯಿಂಟ್‌ಮೆಂಟ್ ಇದೆಯಂತೆ. ಬ್ಯಾಂಕಿನ ಮ್ಯಾನೇಜರಮ್ಮ ನನ್ನ ಕೈ ಹಿಡಿದುಕೊಂಡು, ನಿಮ್ಮಂಥವರು ಇರಬೇಕು ಕಣ್ರೀ ಎಂದು ಹೊಗಳಿ, ತಾವು ಮಾತ್ರ ಊರಲ್ಲಿರುವುದಿಲ್ಲ ಅಂದರು. ನಗಬೇಕೋ ಅಳಬೇಕೋ ತಿಳಿಯದೆ ಮೆಟ್ಟಿಲಿಳಿದು ಬಂದೆ. ಕಳೆದ ಸಲ ಓಟು ಹಾಕಲು ಬಂದವರೆಲ್ಲ ಒಂದೇ ಲಿಫ್ಟಿನಲ್ಲಿ ಹಿಡಿಸುತ್ತಿದ್ದರು. ಕಸದ ಲಾರಿ ಯಾವಾಗ ಬರಬೇಕೆಂದು ಅಷ್ಟೇ ಜನ ತೀರ್ಮಾನಿಸಿದರು. ಆಮೇಲೆ ಗೊಣಗಿದ್ದು ಇಡೀ ಬಡಾವಣೆ.

ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇನ್ನೂ ಹಳೆಯ ಮನೆಯ ವಿಳಾಸದಲ್ಲೇ ಇದೆ. ಬದಲಾಯಿಸಿಕೊಳ್ಳಲು ಸೋಮಾರಿತನ, ನನಗೆ ಗೊತ್ತು. ಏನು ಹೇಳುತ್ತೀರೆಂಬುದೂ ಗೊತ್ತು: ಎರಡು ಕಡೆಯವರೂ ಅಷ್ಟಕ್ಕಷ್ಟೇ, ಯಾರ ಪರವೂ ಓಟು ಹಾಕದಿರುವುದೇ ನಿಮ್ಮ ತತ್ವ. ಆ ತತ್ವವನ್ನು ನಾನು ಹತ್ತಿರದಿಂದ ನೋಡಿದವಳು ಸ್ವಾಮಿ. ನಾವು ಬೇರೆಯಾಗುವಾಗಲೂ ನೀವು ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಒಂದು ದಿನ ಸೂಟ್‌ಕೇಸ್ ಎತ್ತಿಕೊಂಡು ಹೊರಟಿರಿ. ಹೋದದ್ದಕ್ಕಿಂತ ಆ ಸುಮ್ಮನಿರುವಿಕೆಗೇ ನನಗೆ ಹೆಚ್ಚು ಸಿಟ್ಟು ಬಂದದ್ದು. ಈಗಲೂ ಇಳಿದಿಲ್ಲ.

ಇದರಲ್ಲಿ ನನ್ನ ಸ್ವಾರ್ಥ ಇದೆ ಅಂದುಕೊಳ್ಳಬೇಡಿ. ಪಾರ್ಕಿಂಗ್ ಬರುವುದು ನನ್ನ ಅಂಗಡಿಯ ಎದುರಿಗೇ. ಬಂದರೆ ಗಿರಾಕಿಗಳು ಹೆಚ್ಚುತ್ತಾರೆ. ಆದರೂ ನಾನು ಬೇಡ ಅಂತಲೇ ಗುರುತು ಹಾಕುವುದು. ನೀವು ಬೇಕು ಅಂತ ಹಾಕಿದರೂ ಸರಿ, ಬಂದು ಹಾಕಿ. ಒಂದು ಸಲವಾದರೂ ಬಾಯಿಬಿಟ್ಟು ಏನಾದರೊಂದು ಹೇಳಿ.

ನಿಮ್ಮ ತಾಯಿ ಚೆನ್ನಾಗಿದ್ದಾರೆ. ಊಟ ಸೇರುತ್ತಿದೆ.

ಇಂತಿ,
ಇನ್ನೂ ಅದೇ ಮನೆಯಲ್ಲಿರುವವಳು

ತಾ.ಕ.: ಮನೆಗೆ ಬಂದು, ಲಕೋಟೆ ಅಂಟಿಸುವ ಮೊದಲು ಅತ್ತೆಗೆ ಮತದಾನದ ವಿಷಯ ಹೇಳಿದೆ. ಭಾನುವಾರ ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಹೋಗುತ್ತೇನೆ, ಹಾಲ್ ಕೆಡವುವುದು ಬೇಡ ಅಂತ ಗುರುತು ಹಾಕಿ ಅಂದೆ. ಅವರು ತಲೆಯಾಡಿಸಿ, "ಇಲ್ಲಮ್ಮ, ನಾನು ಪಾರ್ಕಿಂಗಿಗೇ ಹಾಕೋದು. ಕಾರು ನಿಲ್ಸೋಕೆ ಜಾಗ ಸಿಗಲ್ಲ, ಅದಕ್ಕೇ ಅಮ್ಮಾ ನಿನ್ನ ನೋಡೋಕೆ ಬರೋಕಾಗ್ತಿಲ್ಲ ಅಂತ ಅವನು ಫೋನಲ್ಲಿ ಹೇಳ್ತಾನೇ ಇರ್ತಾನಲ್ಲ," ಅಂದರು. ಅವರ ಓಟು ಅವರದು, ಕರೆದುಕೊಂಡು ಹೋಗುವವಳು ನಾನೇ. ಬೆಳಿಗ್ಗೆ ತಿಂಡಿ ಮುಗಿಸಿ ಹೊರಡುತ್ತೇವೆ. ಅಷ್ಟರೊಳಗೆ ಬನ್ನಿ. ಬಸ್ಸಿನಲ್ಲಿ ಬನ್ನಿ.