ಉಣ್ಣುವವರು ಏಳುವವರೆಗೆ

ನೀತಿ ಪೀಠ, ಹೊಸಕಟ್ಟೆ ಸೈನಿಕ ಗುರುಕುಲ
ಫೆಬ್ರವರಿ ೩೦, ೨೨೧೪

ಹೆಸರು ಗೊತ್ತಿಲ್ಲದ ಸಂಶೋಧಕರಿಗೆ, ಇಂದುಮತಿ ಯಲಿಗಾರ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಮುದುಕಿಗೆ ಅರಳುಮರಳು ಎಂದುಕೊಳ್ಳಬೇಡಿ. ನಮ್ಮ ಫೆಬ್ರವರಿಗೆ ಮೂವತ್ತು ದಿನ. ಮೇ ತಿಂಗಳ ಬಿಸಿಲು ತಾಳಲಾರದೆ ನಮ್ಮ ಹಿರಿಯರು ಅದರಿಂದ ಎರಡು ದಿನ ಕಿತ್ತು ಫೆಬ್ರವರಿಗೆ ಸೇರಿಸಿದರು. ಬಿಸಿಲೇನೂ ಕಡಿಮೆಯಾಗಲಿಲ್ಲ, ಮೇ ಬೇಗ ಮುಗಿಯುತ್ತದೆ ಎಂಬ ಸಮಾಧಾನ ಮಾತ್ರ ಸಿಕ್ಕಿತು. ನಿಮ್ಮ ಕಾಲದ ಬರವಣಿಗೆಯ ಕನ್ನಡವನ್ನು ನಾನು ಪುಸ್ತಕ ನೋಡಿ ಕಲಿತವಳು. ಎಲ್ಲಾದರೂ ಮಾತು ವಿಚಿತ್ರವೆನಿಸಿದರೆ ಕ್ಷಮಿಸಬೇಕು. ನಿಮ್ಮಲ್ಲಿ ಇಲ್ಲದ ವಸ್ತುಗಳಿಗೆ ನಿಮ್ಮ ಭಾಷೆಯಲ್ಲಿ ಪದ ಎಲ್ಲಿಂದ ತರಲಿ? ಈ ಕಾಗದ ನಿಮ್ಮ ಕೈಗೆ ಹೇಗೆ ಬರುತ್ತದೆ ಎಂದು ಕೇಳಬೇಡಿ, ನನಗೂ ಅದು ಅರ್ಥವಾಗಿಲ್ಲ. ಅಂಚೆಯವರು ಮುಟ್ಟಿಸುತ್ತೇವೆ ಎಂದಿದ್ದಾರೆ. ಅಂಚೆಯವರ ಮಾತನ್ನು ನೀವೂ ನಂಬುತ್ತಿದ್ದಿರಂತೆ.

ನಾನು ಯಾರು ಎಂದು ಮೊದಲು ಹೇಳಿಬಿಡುತ್ತೇನೆ. ಸೈನಿಕರನ್ನು ತಯಾರು ಮಾಡುವ ಗುರುಕುಲದಲ್ಲಿ ನೀತಿ ಕಲಿಸುವವಳು ನಾನು. ಕೊಲ್ಲುವುದನ್ನು ಕಲಿಸುವ ಮನೆಯಲ್ಲಿ ನೀತಿ ಕಲಿಸುವವಳು ಎಂದರೆ ಮದುವೆಮನೆಯಲ್ಲಿ ಪಥ್ಯ ಹೇಳುವ ವೈದ್ಯರ ಹಾಗೆ. ಎಲ್ಲರೂ ಮರ್ಯಾದೆಯಿಂದ ಕೇಳುತ್ತಾರೆ, ಆಮೇಲೆ ತಮಗೆ ಬೇಕಾದದ್ದನ್ನು ತಿನ್ನುತ್ತಾರೆ. ಗುರುಕುಲ ಇರುವುದು ಒಂದು ಒಣಗಿದ ಕೆರೆಯ ಅಂಗಳದಲ್ಲಿ, ಅರ್ಧ ನೆಲದೊಳಗೆ. ಮಧ್ಯಾಹ್ನ ಬಿಸಿಲು ಏರಿದಾಗ ಸೈರನ್ ಕೂಗುತ್ತದೆ, ಎಲ್ಲರೂ ಮಲಗಬೇಕು. ಇದಕ್ಕೆ ನಾವು ನೆತ್ತಿನಿದ್ದೆ ಎನ್ನುತ್ತೇವೆ. ಗಡಿಯಾಚೆಯವರೂ ಆ ಹೊತ್ತಿಗೆ ಮಲಗುತ್ತಾರೆ ಎಂದು ನಮ್ಮ ನಂಬಿಕೆ. ಜಗಳವೆಲ್ಲ ನೀರಿನದು, ನೀರೇ ಇಲ್ಲದ ಹೊತ್ತಿನಲ್ಲಿ ಜಗಳವಾಡಲು ಯಾರಿಗೂ ತ್ರಾಣವಿರುವುದಿಲ್ಲ. ಜೋಳ ಈಗ ಹಬ್ಬದ ಊಟ, ದಿನನಿತ್ಯಕ್ಕೆ ಸಜ್ಜೆ ರೊಟ್ಟಿ. ನಿಮಗೆ ಸಂತೋಷವಾಗಲೆಂದು ಹೇಳುತ್ತೇನೆ, ಶೇಂಗಾ ಚಟ್ನಿ ಮಾತ್ರ ಹಾಗೆಯೇ ಇದೆ.

ನಮ್ಮ ಕಾಲದಲ್ಲಿ ಯುದ್ಧಕ್ಕೆ ಹೋಗುವವು ತೇಲುಗಣ್ಣುಗಳು. ಮೇಲೆ ತೇಲುತ್ತ ನೋಡುತ್ತವೆ, ಗುರುತಿಸುತ್ತವೆ, ಹೊಡೆಯುತ್ತವೆ. ಆದರೆ ಮನುಷ್ಯನೊಬ್ಬ ಬಾಯಿಬಿಟ್ಟು ‘ಹೂಂ’ ಎನ್ನುವವರೆಗೆ ಹೊಡೆಯುವಂತಿಲ್ಲ. ಇದು ನಮ್ಮ ಅಜ್ಜಂದಿರ ಕಾಲದಲ್ಲಿ ಬಹಳ ಹೋರಾಡಿ ತಂದ ಕಾಯ್ದೆ. ಹೀಗೆ ಒಪ್ಪಿಗೆ ಕೊಡುವವರನ್ನು ಹೂಂಗಾರರು ಎಂದು ಕರೆಯುತ್ತೇವೆ. ನಮ್ಮ ಗುರುಕುಲದಲ್ಲಿ ತಯಾರಾಗುವವರು ಇವರೇ. ಹೂಂ ಎನ್ನುವ ಮೊದಲು ಅವರು ಕಣ್ಣಿಗೆ ಕಂಡದ್ದನ್ನು ತಮ್ಮ ಮನೆಮಾತಿನಲ್ಲಿ ಗಟ್ಟಿಯಾಗಿ ಹೇಳಬೇಕು. ಸೈನ್ಯದ ಭಾಷೆಯಲ್ಲಿ ಎಲ್ಲವೂ ಗುರಿಯಾಗಿಬಿಡುತ್ತದೆ, ಅವ್ವನ ಹತ್ತಿರ ಆಡುವ ಮಾತಿನಲ್ಲಿ ಮನುಷ್ಯ ಮನುಷ್ಯನಾಗಿಯೇ ಕಾಣುತ್ತಾನೆ ಎಂಬುದು ಈ ಪದ್ಧತಿಯ ಹಿಂದಿನ ವಿಚಾರ. ಇದನ್ನು ‘ಕಂಡಂತೆ ನುಡಿಯುವುದು’ ಎನ್ನುತ್ತೇವೆ. ಬೇರೆ ನಾಡಿನ ವಿದ್ವಾಂಸರು ಬಂದು ನೋಡಿ ತಲೆದೂಗಿ ಹೋಗಿದ್ದಾರೆ.

ತಲೆದೂಗುವ ಮೊದಲು ಅವರು ನಮ್ಮ ಹುಡುಗರ ಸ್ನಾನದ ಕೋಣೆಗಳ ಹತ್ತಿರ ನಿಂತು ಕೇಳಬೇಕಿತ್ತು. ಪರೀಕ್ಷೆ ಬಂತೆಂದರೆ ಅಲ್ಲಿ ಒಂದೇ ಜಪ. ‘ಕಂಡ್ನಿ, ಹೊಂಚು ಹಾಕ್ಯಾರ, ಹೂಂ’ ಎಂದು ಉಸಿರು ಬಿಡದೆ ಹೇಳುವುದನ್ನು ಉರುಹೊಡೆಯುತ್ತಾರೆ. ನೀರು ಇರುವುದು ಒಂದು ಚೊಂಬು, ಅದು ಮುಗಿಯುವುದರೊಳಗೆ ಎಷ್ಟು ಸಲ ಹೇಳಿದೆ ಎಂದು ಪಂದ್ಯ ಕಟ್ಟುತ್ತಾರೆ. ಮನೆಮಾತಿನಲ್ಲಿ ಹೇಳಬೇಕೆಂದು ನಾವು ಕಲಿಸಿದೆವು, ಅವರು ಮನೆಮಾತಿನಲ್ಲೇ ಬಾಯಿಪಾಠ ಮಾಡಿದರು. ನಾನು ಇದರ ಮೇಲೆ ಪ್ರಬಂಧಗಳನ್ನು ಬರೆದೆ, ವಿಚಾರ ಸಂಕಿರಣಗಳಲ್ಲಿ ಓದಿದೆ. ಚಹಾದ ವೇಳೆಗೆ ಸರಿಯಾಗಿ ಮುಗಿಸಿದ್ದಕ್ಕೆ ಮೆಚ್ಚುಗೆ ಬಂತು.

ಹೂಂಗಾರರ ಕೊನೆಯ ಪರೀಕ್ಷೆ ನಡೆಯುವುದು ನೆರಳುಬಯಲಿನಲ್ಲಿ. ಅದೊಂದು ದೊಡ್ಡ ಕೊಟ್ಟಿಗೆ. ನೆಲದ ತುಂಬ ಚಲಿಸುವ ಚಿತ್ರ ಹರಡಿಕೊಳ್ಳುತ್ತದೆ, ಶಿಷ್ಯರು ಎತ್ತರದ ಕುರ್ಚಿಯಲ್ಲಿ ಕುಳಿತು ತೇಲುಗಣ್ಣಿನ ಹಾಗೆ ಕೆಳಗೆ ನೋಡಬೇಕು. ಅಲ್ಲಿ ತೋರಿಸುವುದೆಲ್ಲ ನಿಮ್ಮ ಕಾಲದ ಚಿತ್ರಗಳು. ಒಬ್ಬರ ಒಪ್ಪಿಗೆ ಇಲ್ಲದೆ ಅವರನ್ನು ಮೇಲಿನಿಂದ ಚಿತ್ರಿಸಬಾರದೆಂದು ನಮ್ಮಲ್ಲಿ ಕಾನೂನಿದೆ. ನಿಮ್ಮಲ್ಲಿ ಇರಲಿಲ್ಲ. ಹಾಗಾಗಿ ಪಾಠಕ್ಕೆ ನೀವೇ ಗತಿ.

ಈ ವರ್ಷ ಪರೀಕ್ಷೆಗೆ ಕುಳಿತವರಲ್ಲಿ ಹುಸೇನಬಿ ನದಾಫ ಎಂಬ ಹುಡುಗಿ ಒಬ್ಬಳು. ಅವಳ ತಾಯಿ ನೀರು ಹಂಚುವ ಕೇಂದ್ರದಲ್ಲಿ ಕೆಲಸ ಮಾಡುತ್ತಾರೆ. ಗಡಿಯಾಚೆಯವರು ಎರಡು ಸಲ ಆ ಕೇಂದ್ರವನ್ನು ಸುಟ್ಟಿದ್ದಾರೆ. ಅವ್ವನನ್ನು ಕಾಯಬೇಕೆಂದೇ ಇವಳು ಸೈನ್ಯಕ್ಕೆ ಬಂದವಳು. ಸೈನ್ಯ ಬಿಟ್ಟರೆ ಬೇರೆ ಯೋಚನೆಯೇ ಅವಳಿಗಿಲ್ಲ. ಉತ್ತರಿಸಲು ತಡಮಾಡಿ ಒಮ್ಮೆ ‘ಮಂದಗತಿ’ ಎಂದು ಬರೆಸಿಕೊಂಡವರು ಮತ್ತೆ ಎಂದೂ ಆ ಕುರ್ಚಿ ಹತ್ತುವಂತಿಲ್ಲ. ಅವಳ ಪಾಲಿಗೆ ಬಂದ ಚಿತ್ರ ನೀವು ತೆಗೆದದ್ದು. ಕಪ್ಪು ನೆಲ, ಬೆಚ್ಚಗಿನ ಮೈಗಳು ಮಾತ್ರ ಬೆಳ್ಳಗೆ ಕಾಣುತ್ತವೆ. ಒಂದು ಬದುವಿನ ಪಕ್ಕ ಹತ್ತಾರು ಜನ ಎದುರುಬದುರು ಎರಡು ಸಾಲಾಗಿ ನೆಲಕ್ಕೆ ಬಗ್ಗಿ ಕುಳಿತಿದ್ದಾರೆ, ಒಬ್ಬೊಬ್ಬರ ಪಕ್ಕದಲ್ಲೂ ಉದ್ದನೆಯದೇನೋ ಬಿದ್ದಿರುವುದು ಮಸುಕಾಗಿ ಕಾಣುತ್ತದೆ. ಹೊಂಚು ಹಾಕಿದ ವೈರಿಗಳು, ಹೂಂ ಎನ್ನಬೇಕು ಎಂಬುದು ಸರಿಯುತ್ತರ. ಆ ಉತ್ತರವೂ, ಆಮೇಲೆ ತಿಳಿದಂತೆ, ನಿಮ್ಮದೊಂದು ಸಂಶೋಧನಾ ಪ್ರಬಂಧದಿಂದಲೇ ಬಂದದ್ದು. ಅಂದಿನಿಂದ ಇಂದಿನವರೆಗೆ ಎಲ್ಲರೂ ಹೂಂ ಎಂದು ಪಾಸಾಗಿದ್ದಾರೆ.

ಹುಸೇನಬಿ ಹೂಂ ಅನ್ನಲಿಲ್ಲ, ಊಹೂಂ ಎಂದೂ ಅನ್ನಲಿಲ್ಲ. ಕುರ್ಚಿಯಿಂದ ಅರ್ಧ ಬಗ್ಗಿ ನೋಡುತ್ತಲೇ ಇದ್ದಳು. ಬ್ರಿಗೇಡಿಯರ್ ಫಕೀರಪ್ಪ ತಳವಾರರು ಗುರುಕುಲದ ಮುಖ್ಯಸ್ಥರು, ಪರೀಕ್ಷಾ ಮಂಡಳಿಯ ಅಧ್ಯಕ್ಷರೂ ಅವರೇ. ಅವರು ಕೆಮ್ಮಿದರು. ಕಂಡದ್ದನ್ನು ಹೇಳೆಂದು ನೆನಪಿಸಿದರು. ಆಗ ಅವಳು ಹೇಳಿದಳು: “ಉಣ್ಣಾಕತ್ತಾರ್ರೀ ಸಾಹೇಬ್ರ. ಬಲಗೈ ನೋಡ್ರಿ, ನೆಲಕ್ಕ ಹೊಕ್ಕಾವು, ಬಾಯಿಗೆ ಬರ್ತಾವು. ಒಬ್ಬಾಕಿ ನಡುವ ಅಡ್ಡಾಡಿ ಬಡಸಾಕತ್ತಾಳ.”

ನಾನು ಕನ್ನಡಕ ಸರಿಮಾಡಿಕೊಂಡು ನೋಡಿದೆ. ಈ ಚಿತ್ರವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಹೌದು, ಉಣ್ಣುತ್ತಿದ್ದರು. ಪಂಕ್ತಿಯಲ್ಲಿ ಕುಳಿತು ಉಣ್ಣುವ ಜನರನ್ನು ಕಂಡು ಹೊಂಚು ಎಂದುಕೊಂಡಿದ್ದೆವು.

ಬ್ರಿಗೇಡಿಯರರೂ ನೋಡಿದರು. ಅವರು ಮೂರ್ಖರಲ್ಲ, ಕಲ್ಲೆದೆಯವರೂ ಅಲ್ಲ. ಮೆತ್ತಗೆ ಕೇಳಿದರು: “ವೈರಿನೂ ಉಣ್ತಾನ ತಂಗಿ. ಉಂಡಾಂವ ಬಂದೂಕ ಹಿಡ್ಯಾಂಗಿಲ್ಲೇನು?”

“ಹಿಡೀತಾನ್ರೀ. ಅದಕ್ಕ ಕಾಯಾಕತ್ತೀನಿ. ಉಂಡು ಕೈ ತೊಳಕೊಂಡು ಎದ್ದ ಮ್ಯಾಲ, ಬಾಜೂಕಿಂದು ಎತ್ಕೋತಾರಲ್ರೀ, ಅದು ಗುದ್ದಲಿನೋ ಬಂದೂಕೋ ಗೊತ್ತಾಕ್ಕೈತಿ. ಬಂದೂಕಾದ್ರ ಹೂಂ ಅಂತೀನಿ.”

ಅವಳು ಕಾದಳು. ನಾವೂ ಕಾದೆವು. ಬೆಳ್ಳಗಿನ ಕೈಗಳು ನೆಲಕ್ಕೆ ಹೋಗಿ ಬಾಯಿಗೆ ಬರುತ್ತಿದ್ದವು. ಬಡಿಸುವವಳು ಸಾಲಿನ ಕೊನೆ ಮುಟ್ಟಿ ತಿರುಗಿದಳು. ಅಷ್ಟರಲ್ಲಿ ಬಯಲು ಪೂರ್ತಿ ಕಪ್ಪಾಯಿತು. ಯಂತ್ರ ಕೆಟ್ಟಿತೆಂದು ಯಂತ್ರಶಾಖೆಯ ಕಂಬಾರರು ಎದ್ದು ಓಡಿದರು. ಯಂತ್ರ ಕೆಟ್ಟಿರಲಿಲ್ಲ, ಚಿತ್ರ ಮುಗಿದಿತ್ತು. ಇಷ್ಟು ವರ್ಷದಲ್ಲಿ ಯಾರೊಬ್ಬರೂ ಅಷ್ಟು ಹೊತ್ತು ಕಾದಿರಲಿಲ್ಲ. ಅದರಾಚೆ ಏನೂ ಇಲ್ಲ ಎಂಬುದು ನಮಗೆ ಅಂದೇ ಗೊತ್ತಾದದ್ದು.

ಮಂಡಳಿಯಲ್ಲಿ ನಾವು ಮೂವರು. ಅವಳನ್ನು ಪಾಸು ಮಾಡಬೇಕೆಂದು ನಾನು ಹೇಳಿದೆ. ನಾವು ಮಾಡಿದ ಪದ್ಧತಿಯ ಅರ್ಥ ತಿಳಿದವಳು ಇವಳೊಬ್ಬಳೇ ಎಂದು ಮೇಜು ಕುಟ್ಟಿ ಹೇಳಿದೆ. ಬ್ರಿಗೇಡಿಯರರು ತಲೆ ಅಲ್ಲಾಡಿಸಿದರು. “ಯಲಿಗಾರ ಬಾಯಾರ, ನನ್ನ ತಮ್ಮ ಸತ್ತದ್ದು ಇಂಥಾ ತಡದಾಗನ. ಮ್ಯಾಲ ಕುಂತಾಂವ ಇನ್ನೊಂದೀಟು ನೋಡೂಣು, ಇನ್ನೊಂದೀಟು ನೋಡೂಣು ಅಂದ. ಅಷ್ಟರಾಗ ಅವರು ಎದ್ರು. ನಮ್ಮ ಹುಡುಗೂರು ಏಳಲಿಲ್ಲ,” ಎಂದರು. ಪ್ರಬಂಧಗಳಲ್ಲಿ ನಾನು ತಡವನ್ನು ಹೊಗಳಿ ಪುಟಗಟ್ಟಲೆ ಬರೆದಿದ್ದೇನೆ. ಅದರಲ್ಲಿ ಆ ತಮ್ಮನಿಗೆ ಒಂದು ಸಾಲೂ ಇಲ್ಲ. ಕಂಬಾರರು ಯಾವ ಕಡೆಗೂ ವಾಲಲಿಲ್ಲ. ಕುಳಿತವರು ಯಾರು ಎಂದು ತಿಳಿಯದೆ ಹುಡುಗಿ ತಪ್ಪು ಮಾಡಿದಳೋ ಸರಿ ಮಾಡಿದಳೋ ಹೇಗೆ ಹೇಳುವುದು, ಚಿತ್ರದ ಉಳಿದ ಭಾಗ ಹುಡುಕೋಣ ಎಂದರು. ಮಳೆಗಾಲದ ಹೊಸ ತಂಡ ಬರುವವರೆಗೆ ಫಲಿತಾಂಶ ತಡೆಹಿಡಿಯುವುದೆಂದು ತೀರ್ಮಾನವಾಯಿತು. ಅಲ್ಲಿಯವರೆಗೂ ಏನೂ ಸಿಗದಿದ್ದರೆ ಹಳೆಯ ಉತ್ತರವೇ ಸರಿ. ಹುಸೇನಬಿ ಮಂದಗತಿ.

ಇದು ಅವಳೊಬ್ಬಳ ಪ್ರಶ್ನೆಯೂ ಅಲ್ಲ. ನಮ್ಮ ಪರೀಕ್ಷೆಯ ಫಲಿತಾಂಶಗಳನ್ನು ನೋಡಿಯೇ ತೇಲುಗಣ್ಣುಗಳು ಕಲಿಯುತ್ತವೆ. ಕಾಯುವುದು ದೋಷ ಎಂದು ನಾವು ಬರೆದ ದಿನ ಅವೂ ಹಾಗೆಯೇ ತಿಳಿದುಕೊಳ್ಳುತ್ತವೆ. ಆಮೇಲೆ ಹೂಂಗಾರರು ಏತಕ್ಕೆ ಬೇಕು ಎಂದು ಕೇಳುವವರು ರಾಜಧಾನಿಯಲ್ಲಿ ಈಗಲೇ ಬಾಯಿ ತೆರೆದು ಕುಳಿತಿದ್ದಾರೆ.

ಹುಡುಕಿದೆವು. ಹಳೆಯ ಚಿತ್ರಗಳ ಭಂಡಾರದಲ್ಲಿ ನಿಮ್ಮ ಪ್ರಬಂಧ ಸಿಕ್ಕಿತು. ಮೇಲಿನಿಂದ ನೋಡಿ ವೈರಿಯನ್ನು ಬೇಗ ಗುರುತಿಸಲು ಸೈನಿಕರಿಗೆ ತರಬೇತಿ ಕೊಡುವುದು ಹೇಗೆ ಎಂಬ ವಿಷಯ. ಚೆನ್ನಾಗಿಯೇ ಬರೆದಿದ್ದೀರಿ. ಎಷ್ಟು ಜನ ಸೈನಿಕರಿಗೆ ತೋರಿಸಿದಿರಿ, ಯಾರು ಎಷ್ಟು ಬೇಗ ಉತ್ತರಿಸಿದರು, ಎಲ್ಲವೂ ಕೋಷ್ಟಕದಲ್ಲಿದೆ. ತಡ ಮಾಡಿದವರು ನಿಮ್ಮಲ್ಲೂ ಕೆಲವರಿದ್ದರು. ಅವರನ್ನು ಲೆಕ್ಕದಿಂದ ಬಿಟ್ಟಿದ್ದೇವೆ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿದೆ. ಏಕೆ ತಡ ಮಾಡಿದಿರಿ ಎಂದು ಅವರನ್ನು ಕೇಳಿದ್ದರ ಗುರುತು ಎಲ್ಲಿಯೂ ಇಲ್ಲ. ಲೇಖಕರ ಹೆಸರಿದ್ದ ಪುಟ ಅಳಿಸಿಹೋಗಿದೆ. ಚಿತ್ರ ಮಾತ್ರ ಬಡಿಸುವವಳು ತಿರುಗುವ ಹೊತ್ತಿಗೆ ನಿಲ್ಲುತ್ತದೆ. ನಿಮಗೆ ಬೇಕಾದಷ್ಟು ಸಿಕ್ಕಿತು, ನಿಲ್ಲಿಸಿದಿರಿ. ನಾನಾಗಿದ್ದರೂ ನಿಲ್ಲಿಸುತ್ತಿದ್ದೆ ಎಂದು ನೆನೆದಾಗ ನನಗೆ ಸಿಟ್ಟೂ ಬರುತ್ತದೆ, ನಾಚಿಕೆಯೂ ಆಗುತ್ತದೆ.

ಮೊನ್ನೆ ನೆತ್ತಿನಿದ್ದೆ ಮುಗಿಸಿ ಬರುವಾಗ ಹುಸೇನಬಿ ಊಟದ ಮನೆಯ ಬಾಗಿಲಲ್ಲಿ ಸಿಕ್ಕಳು. ಫಲಿತಾಂಶ ಹೊರಬೀಳುವವರೆಗೆ ಶಿಷ್ಯರ ಸಾಲಿನಿಂದ ಅವಳ ಹೆಸರು ತೆಗೆದಿದ್ದಾರೆ, ಅಡುಗೆಗೆ ಕೈಜೋಡಿಸುತ್ತಿದ್ದಾಳೆ. ಹೇಗಿದ್ದೀಯ ಎಂದೆ. ಅವ್ವನಿಗೆ ಇನ್ನೂ ತಿಳಿಸಿಲ್ಲ ಎಂದಳು. ಆಮೇಲೆ, “ಬಾಯಾರ, ಖರೇನ ಅವರು ವೈರಿಗಳಿದ್ದಿದ್ರ? ನನ್ನ ಸಲುವಾಗಿ ಯಾರರ ಸತ್ತಿರ್ತಿದ್ರಲ್ರೀ?” ಎಂದು ಕೇಳಿದಳು. ಅವಳು ನಿದ್ದೆಗೆಟ್ಟದ್ದು ಕಣ್ಣಿನಲ್ಲೇ ಕಾಣುತ್ತಿತ್ತು. ಹೂಂ ಎಂದು ಪಾಸಾದವರಲ್ಲಿ ಒಬ್ಬರಾದರೂ ಈ ಪ್ರಶ್ನೆಯನ್ನು ತಿರುಗಿಸಿ, ಅವರು ವೈರಿಗಳಲ್ಲದಿದ್ದರೆ ಎಂದು ನನ್ನ ಹತ್ತಿರ ಕೇಳಿದ್ದು ನನಗೆ ನೆನಪಿಲ್ಲ. ರೊಟ್ಟಿ ಸೀಯುತ್ತಿದೆ ನೋಡು ಎಂದೆ.

ಅದಕ್ಕೇ ಈ ಕಾಗದ. ನಿಮ್ಮ ಪ್ರಬಂಧ ಇನ್ನೂ ಬರೆದಿಲ್ಲದ ದಿನಕ್ಕೆ ಇದು ಮುಟ್ಟುತ್ತದೆ ಎಂದು ಅಂಚೆಯವರು ಹೇಳಿದ್ದಾರೆ. ನೀವು ಇನ್ನೂ ಆ ಹೊಲದ ಕಡೆ ಹೊರಟಿಲ್ಲ. ಯುದ್ಧ ಬೇಡ ಎಂದು ನಾನು ನಿಮಗೆ ಬುದ್ಧಿ ಹೇಳುವುದಿಲ್ಲ. ನಾವೇ ನಿಲ್ಲಿಸಲಾಗಲಿಲ್ಲ, ನಿಮಗೆ ಯಾವ ಬಾಯಲ್ಲಿ ಹೇಳಲಿ? ಸಂಶೋಧನೆ ನಿಲ್ಲಿಸಿ ಎಂದೂ ಹೇಳುವುದಿಲ್ಲ. ನೀವು ಮಾಡದಿದ್ದರೆ ಇನ್ನೊಬ್ಬರು ಮಾಡುತ್ತಾರೆ, ಅವರು ನಿಮಗಿಂತ ಆತುರದವರಿರಬಹುದು.

ನಿಮ್ಮ ಕ್ಯಾಮೆರಾ ಆ ಬದುವಿನ ಮೇಲೆ ನಿಂತಾಗ, ಬಡಿಸುವವಳು ಸಾಲಿನ ಕೊನೆ ಮುಟ್ಟಿ ತಿರುಗಿದಾಗ, ದಯಮಾಡಿ ಗುಂಡಿ ಒತ್ತಬೇಡಿ. ಸ್ವಲ್ಪ ತಡೆಯಿರಿ. ಅವರು ನಿಧಾನವಾಗಿ ಉಣ್ಣಲಿ, ಇನ್ನೊಮ್ಮೆ ಬಡಿಸಿಕೊಳ್ಳಲಿ. ಕೈ ತೊಳೆದು ಎದ್ದು ಪಕ್ಕದಲ್ಲಿದ್ದದ್ದನ್ನು ಎತ್ತಿಕೊಳ್ಳುವವರೆಗೆ ಚಿತ್ರ ನಡೆಯಲಿ. ಎತ್ತಿಕೊಂಡದ್ದು ಬಂದೂಕಾಗಿದ್ದರೆ ಅದನ್ನು ಹಾಗೆಯೇ ತೋರಿಸಿ, ಮುದುಕಿಗೆ ಬೇಸರವಾದೀತೆಂದು ಮುಚ್ಚಬೇಡಿ. ಹುಡುಗಿ ಸೋಲುತ್ತಾಳೆ, ಮೊದಲ ಸಹಿ ನಾನೇ ಹಾಕುತ್ತೇನೆ, ಫಕೀರಪ್ಪನವರ ತಮ್ಮನ ಮುಂದೆ ತಲೆ ತಗ್ಗಿಸುತ್ತೇನೆ. ಗುದ್ದಲಿಯಾಗಿದ್ದರೆ ಇಷ್ಟು ವರ್ಷ ನಾವು ಪಾಸು ಮಾಡಿದವರನ್ನೆಲ್ಲ ಕರೆದು ಕೂರಿಸಿ ಆ ಚಿತ್ರವನ್ನು ಕೊನೆಯವರೆಗೆ ತೋರಿಸಬೇಕಾಗುತ್ತದೆ. ಅವರಲ್ಲಿ ಬಹಳ ಜನ ಈಗ ಗಡಿಯಲ್ಲಿದ್ದಾರೆ.

ಆದರೆ ಇನ್ನೂ ಒಂದು ಕೆಲಸ ಮಾಡಿ. ಚಿತ್ರ ತೆಗೆದಾದ ಮೇಲೆ ಗಾಡಿ ಹತ್ತಿ ಹೊರಟುಬಿಡಬೇಡಿ. ಬದುವಿನ ಮೇಲೆ ನಡೆದುಕೊಂಡು ಅವರ ಹತ್ತಿರ ಹೋಗಿ. ನಮ್ಮ ಕಡೆಯವರೇ ಆಗಿದ್ದರೆ ಮೊದಲು ಉಣ್ಣಲು ಕರೆಯುತ್ತಾರೆ, ಇಲ್ಲ ಅನ್ನಬೇಡಿ. ಕುಳಿತುಕೊಂಡು ಅವರ ಹೆಸರುಗಳನ್ನು ಕೇಳಿ, ಬಡಿಸುವವಳ ಹೆಸರನ್ನು ಮರೆಯದೆ ಕೇಳಿ. ಅವನ್ನು ನಿಮ್ಮ ಪ್ರಬಂಧದಲ್ಲಿ ಅಳಿಸಿಹೋಗದ ಕಡೆ ಬರೆಯಿರಿ.

ನಾಳೆ ಬೆಳಿಗ್ಗೆ ಭಂಡಾರದ ಬಾಗಿಲು ತೆರೆದ ಕೂಡಲೇ ಹೋಗಿ, ಚಿತ್ರ ಮುಂದುವರಿದಿದೆಯೇ ಎಂದು ನೋಡುತ್ತೇನೆ. ಹುಸೇನಬಿಯನ್ನೂ ಕರೆದುಕೊಂಡು ಹೋಗುತ್ತೇನೆ.

ಇತಿ ನಿಮ್ಮ,
ಇಂದುಮತಿ ಯಲಿಗಾರ